12 ಮಿ.ಮೀ. ಎಂಜಿನಿಯರ್ಡ್ ಮರದ ನೆಲಹಾಸಿಗೆ ಯಾವ ಮೊಳೆ, ಯಾವ ಗನ್?

ಟಿಳಕವಾಡಿಯ ಮನೆಯ ಮಹಡಿ ಕೋಣೆಯಲ್ಲಿ ಸ್ಲ್ಯಾಬಿನ ಮೇಲೆ 18 ಮಿ.ಮೀ. ಪ್ಲೈವುಡ್ ಬಿಗಿದು, ಅದಕ್ಕೆ 12 ಮಿ.ಮೀ. ಎಂಜಿನಿಯರ್ಡ್ ಹಲಗೆಗಳನ್ನು (ಪದರಗಳನ್ನು ಅಂಟಿಸಿ ಮೇಲೆ ಅಸಲಿ ಮರ ಹೊದಿಸಿದವು) ಹೊಡೆಯಲು ಬಡಿಗೇರರ ಬಳಿಯಿರುವ, ಸಣ್ಣ ತೆಳು ಮೊಳೆ ಹೊಡೆಯುವ ಬ್ರ್ಯಾಡ್ ಗನ್ ಸಾಕೇ ಎಂದು ಕೇಳಿದ್ದೀರಿ. ಬೆಳಗಾವಿಯಲ್ಲಿ ಇಂಥ ಕೆಲಸ ಮಾಡಿಸುವವನಾಗಿ ಹೇಳುವುದಾದರೆ, ಇಡೀ ಕೋಣೆಗೆ ಅದು ಸಾಲದು.

ಬ್ರ್ಯಾಡ್ ಮೊಳೆಯ ಮೈ ನುಣುಪು, ತಲೆ ಇದ್ದೂ ಇಲ್ಲದಂತೆ. ನಮ್ಮ ಮಳೆಗಾಲದ ತೇವಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಹಲಗೆ ಅದನ್ನು ಕ್ರಮೇಣ ಸಡಿಲಿಸುತ್ತದೆ. ಆಮೇಲೆ ಕಾಲಿಟ್ಟಲ್ಲೆಲ್ಲ ಕಿರಕಿರ ಸದ್ದು. ಮೈಗೆ ಮುಳ್ಳುಗಳಿರುವ ಫ್ಲೋರಿಂಗ್ ಕ್ಲೀಟ್ ಎಂಬ ಮೊಳೆ ಪ್ಲೈವುಡ್ಡನ್ನು ಕಚ್ಚಿ ಹಿಡಿಯುತ್ತದೆ. ಅದರಲ್ಲಿಯೂ 18 ಗೇಜಿನದನ್ನೇ ಆರಿಸಿಕೊಳ್ಳಿ. ಗೇಜಿನ ಅಂಕಿ ಕಡಿಮೆಯಾದಷ್ಟೂ ಮೊಳೆ ದಪ್ಪ. 16 ಗೇಜಿನದು 18–20 ಮಿ.ಮೀ. ಗಟ್ಟಿ ಮರದ ಹಲಗೆಗೆ ಹೇಳಿ ಮಾಡಿಸಿದ್ದು, ನಿಮ್ಮ ತೆಳು ಹಲಗೆಯ ನಾಲಗೆಯನ್ನು (ಪಕ್ಕದ ಹಲಗೆಯ ಸೀಳಿನೊಳಗೆ ಸೇರುವ ಅಂಚಿನ ಚಾಚು) ಸೀಳಿಬಿಡಬಹುದು.

ಉದ್ದದ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಲೆಕ್ಕವನ್ನು ನಂಬಿ. ಮೊಳೆ ನಾಲಗೆಯ ಮೂಲೆಯಿಂದ 45 ಡಿಗ್ರಿ ಓರೆಯಾಗಿ ಇಳಿಯುವುದರಿಂದ 38 ಮಿ.ಮೀ. ಮೊಳೆ ನೇರ ಆಳದಲ್ಲಿ ಸುಮಾರು 27 ಮಿ.ಮೀ. ತಲುಪುತ್ತದೆ. ನಾಲಗೆಯ ಕೆಳಗಿನ ಮರ ಮತ್ತು ಪ್ಲೈವುಡ್ ಸೇರಿದರೂ ನಿಮಗೆ ಸಿಗುವುದು 25 ಮಿ.ಮೀ. ಆಸುಪಾಸು, ತುದಿ ಕಾಂಕ್ರೀಟಿಗೆ ತಾಗಿ ಮೊಳೆ ಬಾಗುತ್ತದೆ, ತಲೆ ಮೇಲೆಯೇ ಉಳಿಯುತ್ತದೆ. ಆದ್ದರಿಂದ 32 ಮಿ.ಮೀ. ಸರಿಯಾದ ಅಳತೆ. ಮೊಳೆಯಿಂದ ಮೊಳೆಗೆ 100ರಿಂದ 150 ಮಿ.ಮೀ. ಅಂತರವಿರಲಿ, ಆದರೆ ಹಲಗೆ ತಯಾರಿಸಿದವರ ಸೂಚನೆ ಬೇರೆಯಿದ್ದರೆ ಅದನ್ನೇ ಪಾಲಿಸಿ.

ಕ್ಲೀಟ್ ಹೊಡೆಯುವ ಫ್ಲೋರಿಂಗ್ ಗನ್ನಿಗೆ ನಿಮ್ಮ ಹಲಗೆಯ ದಪ್ಪಕ್ಕೆ ಹೊಂದುವ ಪಾದ (ಹಲಗೆಯ ಮೇಲೆ ಕೂರುವ ತಳ) ಇರಬೇಕು, ಇಲ್ಲದಿದ್ದರೆ ಮೊಳೆ ನಾಲಗೆಯ ಮೂಲೆ ತಪ್ಪಿ ಹಲಗೆಯ ಅಂಚನ್ನೇ ಒಡೆಯುತ್ತದೆ. ಕಂಪ್ರೆಸರಿನ ಒತ್ತಡವನ್ನು 70 ಪಿಎಸ್‌ಐ ಸುಮಾರಿಗಿಟ್ಟು, ತುಂಡು ಹಲಗೆಯ ಮೇಲೆ ಹೊಡೆದು ನೋಡಿ, ತಲೆ ಮರದ ಮಟ್ಟಕ್ಕೆ ಕೂರುವವರೆಗೆ ಮಾತ್ರ ಏರಿಸುತ್ತ ಹೋಗಿ. ಮೊಳೆಯ ಬದಲು ಜಿಪ್ಸಮ್ ಬೋರ್ಡಿಗೆ ಬಳಸುವ ಡ್ರೈವಾಲ್ ಸ್ಕ್ರೂ ಮಾತ್ರ ಬೇಡವೇ ಬೇಡ. ಅದು ಪೆಡಸು, ಹಲಗೆ ಅಲುಗಿದಾಗ ಮುರಿಯುತ್ತದೆ.

ಬಡಿಗೇರರ ಬ್ರ್ಯಾಡ್ ಗನ್ನಿಗೂ ಕೆಲಸವಿದೆ. ಗೋಡೆಗೆ ಹತ್ತಿದ ಮೊದಲ ಮತ್ತು ಕೊನೆಯ ಸಾಲುಗಳಲ್ಲಿ ಫ್ಲೋರಿಂಗ್ ಗನ್ ಹಿಡಿಸುವುದಿಲ್ಲ. ಅಲ್ಲಿ ಗೋಡೆಯಿಂದ 10 ಮಿ.ಮೀ. ಸಂದು ಬಿಟ್ಟು, ಹಲಗೆಯ ಮುಖದ ಮೇಲೆಯೇ ಬ್ರ್ಯಾಡ್ ಹೊಡೆಸಿ. ಸ್ಕರ್ಟಿಂಗ್ ಬಂದಮೇಲೆ ಮೊಳೆಯೂ ಸಂದೂ ಕಾಣುವುದಿಲ್ಲ.