ಎಲ್ಲವೂ ಕ್ಲೌಡ್‌ಗೆ ಹೋದ ಮೇಲೆ ಪೀರ್-ಟು-ಪೀರ್‌ಗೆ ಇನ್ನೂ ಭವಿಷ್ಯ ಇದೆಯೇ?

ಪೀರ್-ಟು-ಪೀರ್ ಎಂದರೆ ದೊಡ್ಡ ಸರ್ವರ್‌ನಿಂದ ತರಿಸಿಕೊಳ್ಳುವ ಬದಲು ಬಳಕೆದಾರರ ಕಂಪ್ಯೂಟರುಗಳೇ ಒಂದಕ್ಕೊಂದು ನೇರವಾಗಿ ಕೊಟ್ಟು ತೆಗೆದುಕೊಳ್ಳುವ ವಿಧಾನ. ಅದಕ್ಕೆ ಭವಿಷ್ಯ ಖಂಡಿತ ಇದೆ. ಆದರೆ ದೊಡ್ಡ ಕಂಪನಿಗಳ ಸರ್ವರ್‌ಗಳನ್ನೆಲ್ಲ ಇದು ಮೂಲೆಗುಂಪು ಮಾಡುತ್ತದೆಯೇ ಎಂದು ಕೇಳಿದರೆ, ಇಲ್ಲ ಅಂತಲೇ ನನ್ನ ಉತ್ತರ.

ಇದರ ಬಲ, ದೌರ್ಬಲ್ಯ ಎರಡೂ ನನಗೆ ಒಂದೇ ಫೈಲಿನಲ್ಲಿ ಅರ್ಥವಾದವು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಹಳೆಯ ಆವೃತ್ತಿಯೊಂದರ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡಲು ಬೇಕಾದ ಇಡೀ ಡಿಸ್ಕಿನ ಫೈಲು, ಬೇಕಿತ್ತು. ಅದನ್ನು ಇಟ್ಟಿದ್ದ ವೆಬ್‌ಸೈಟ್ ಮುಚ್ಚಿಹೋಗಿತ್ತು, ಫೈಲನ್ನು ತುಣುಕು ತುಣುಕಾಗಿ ಬೇರೆ ಬಳಕೆದಾರರಿಂದ ತರಿಸುವ ಟೊರೆಂಟ್ ಮಾತ್ರ ಉಳಿದಿತ್ತು. ಸರಸರನೆ 99.2%ವರೆಗೆ ಬಂದು ನಿಂತುಬಿಟ್ಟಿತು. ಸೀಡರ್, ಅಂದರೆ ಪೂರ್ತಿ ಫೈಲು ಇಟ್ಟುಕೊಂಡು ಹಂಚುವವರು, ಸೊನ್ನೆ. ನನ್ನ ಜೊತೆ ಕಾಯುತ್ತಿದ್ದ ಏಳು ಜನರದ್ದೂ ಅಷ್ಟಕ್ಕೇ ನಿಂತಿತ್ತು. ಯಾರ ಹತ್ತಿರವೂ ಆ ಕೊನೆಯ ತುಣುಕುಗಳಿಲ್ಲ. ನಾಲ್ಕನೆಯ ದಿನ ಬೆಳಗಿನ ಜಾವ ಯಾರೋ ಒಬ್ಬರು ಸ್ವಲ್ಪ ಹೊತ್ತು ಆನ್‌ಲೈನ್ ಬಂದು ಹೋಗಿದ್ದಾರೆ. ಎದ್ದು ನೋಡಿದರೆ ನಮ್ಮೆಲ್ಲರದ್ದೂ 100%. ಪ್ರತಿ ತುಣುಕಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ಟೊರೆಂಟ್ ಫೈಲಿನಲ್ಲೇ ಇರುತ್ತದೆ. ಹಾಗಾಗಿ ಬಂದದ್ದು ಸರಿಯಾದ ತುಣುಕೇ ಎಂದು ನನ್ನ ಕಂಪ್ಯೂಟರೇ ಪರೀಕ್ಷಿಸಿಕೊಂಡಿತು, ಕೊಟ್ಟವರು ಯಾರೆಂದು ಕೇಳುವ ಅಗತ್ಯವೇ ಬರಲಿಲ್ಲ. ಅದನ್ನು ನಾನು ಇವತ್ತಿಗೂ ಸೀಡ್ ಮಾಡುತ್ತಿದ್ದೇನೆ.

1999ರಲ್ಲಿ ಬಂದ, ಹಾಡು ಹಂಚಿಕೊಳ್ಳುವ ಜಾಲವಾದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳಿದ್ದದ್ದು ಬಳಕೆದಾರರ ಕಂಪ್ಯೂಟರಿನಲ್ಲಿ, ಯಾರ ಬಳಿ ಏನಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿ. ನ್ಯಾಯಾಲಯದ ಏಟು ಕಂಪನಿಗೆ ಬಿತ್ತು, 2001ರಲ್ಲಿ ಇಡೀ ಜಾಲ ನಿಂತಿತು. ಅದೇ ವರ್ಷ ಪ್ರೋಗ್ರಾಮರ್ ಬ್ರಾಮ್ ಕೊಹೆನ್, ಈ ಟೊರೆಂಟ್‌ಗಳ ಹಿಂದಿರುವ ಬಿಟ್‌ಟೊರೆಂಟ್ ತಂದರು. ಮುಂದೆ ಡಿಎಚ್‌ಟಿ ಎಂಬ, ಪಟ್ಟಿಯನ್ನೇ ಹಂಚಿಡುವ ತಂತ್ರ ಸೇರಿಕೊಂಡು ಆ ಪಟ್ಟಿಯೂ ಚೂರುಚೂರಾಗಿ ಎಲ್ಲರ ಕೈಗೆ ಹಂಚಿಹೋಯಿತು.

ಹಾಗಿದ್ದೂ ಪೀರ್-ಟು-ಪೀರ್ ಹಿಂದೆ ಬೀಳಲು ಕಾರಣ, ನನ್ನ ಪ್ರಕಾರ, ಮೊಬೈಲ್. 2003ರಲ್ಲಿ ಶುರುವಾದ ಸ್ಕೈಪ್ ಬಳಕೆದಾರರ ಕಂಪ್ಯೂಟರುಗಳ ಹೆಗಲ ಮೇಲೇ ಕರೆಗಳನ್ನು ಸಾಗಿಸುತ್ತಿತ್ತು, ಕೊನೆಗೆ ಅದೂ ಸರ್ವರ್‌ಗಳಿಗೆ ಶರಣಾಯಿತು. ಫೋನು ಬ್ಯಾಟರಿ ಉಳಿಸಲು ಆಗಾಗ ನಿದ್ದೆಗೆ ಜಾರುತ್ತದೆ. ಸಾಲದ್ದಕ್ಕೆ ಒಂದೇ ಐಪಿ ವಿಳಾಸದ ಹಿಂದೆ ನೂರಾರು ಜನರನ್ನು ಕೂರಿಸುವ ನ್ಯಾಟ್ ಇದೆ. ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲೇ ಕಾಣುವುದಿಲ್ಲ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಈ ವಿಳಾಸಗಳ ಕೊರತೆಯನ್ನು ನೀಗಿಸಿದರೂ ಹೊರಗಿನವರನ್ನು ತಡೆಯುವ ಫೈರ್‌ವಾಲ್ ಉಳಿದೇ ಉಳಿಯುತ್ತದೆ.

ಇದಕ್ಕೆ ಬ್ಲಾಕ್‌ಚೈನ್, ಅಂದರೆ ಒಂದೇ ದಾಖಲೆಯ ಪ್ರತಿಯನ್ನು ಹಲವರು ಇಟ್ಟುಕೊಳ್ಳುವ ವ್ಯವಸ್ಥೆ, ಬೇಕೇ ಎಂಬ ಪ್ರಶ್ನೆಯೂ ಇದೆ. ಪರಸ್ಪರ ನಂಬದವರು ಒಂದೇ ಲೆಕ್ಕದ ಪುಸ್ತಕ ಒಪ್ಪಬೇಕಾದಲ್ಲಿ ಅದು ಬೇಕು. ಫೋಟೊ ಹಂಚಿಕೊಳ್ಳಲು ಬೇಡ.

ನಾನು ಆಸೆ ಇಟ್ಟಿರುವುದು ಲೋಕಲ್-ಫಸ್ಟ್ ಎಂಬ ದಾರಿಯ ಮೇಲೆ. ಅಲ್ಲಿ ಅಸಲು ಪ್ರತಿ ಇರುವುದು ನಿಮ್ಮ ಸಾಧನದಲ್ಲೇ. ಇಬ್ಬರು ನೆಟ್ ಇಲ್ಲದೆ ಒಂದೇ ಟಿಪ್ಪಣಿ ತಿದ್ದಿದರೂ ಆಮೇಲೆ ಸಿಆರ್‌ಡಿಟಿ ಎಂಬ ದತ್ತ ರಚನೆ ಎರಡನ್ನೂ ಹೊಂದಿಸುತ್ತದೆ. ಸರ್ವರ್ ಇದ್ದರೂ ಅದು ಮುಚ್ಚಿದ ಲಕೋಟೆ ತಲುಪಿಸುವ ಅಂಚೆಯವನಷ್ಟೇ. ನನ್ನ ಫೋನು, ಲ್ಯಾಪ್‌ಟಾಪ್ ಈಗಾಗಲೇ ಸಿಂಕ್‌ಥಿಂಗ್ ಎಂಬ ತಂತ್ರಾಂಶದ ಮೂಲಕ ನೇರವಾಗಿ ಫೈಲ್ ಹಂಚಿಕೊಳ್ಳುತ್ತಿವೆ.

ಬಗೆಹರಿಯದ ದೊಡ್ಡ ತೊಡಕು ರಹಸ್ಯ ಕೀಲಿಯದ್ದು, ಅಂದರೆ ನಿಮ್ಮ ಬಳಿ ಮಾತ್ರ ಇರುವ ಉದ್ದನೆಯ ಗುಪ್ತ ಸಂಕೇತದ್ದು. ಇಂಥ ಎಷ್ಟೋ ಜಾಲಗಳಲ್ಲಿ ನಿಮ್ಮ ಗುರುತೇ ಆ ರಹಸ್ಯ ಕೀಲಿ. ಕಳೆದರೆ 'ಪಾಸ್‌ವರ್ಡ್ ಮರೆತಿರಾ?' ಎಂದು ಕೇಳುವವರಿಲ್ಲ. ಇದಕ್ಕೆ ಸುಲಭದ ಉಪಾಯ ಸಿಗುವವರೆಗೆ ನನ್ನ ಅಮ್ಮನ ಕೈಗೆ ಇಂಥ ಆ್ಯಪ್ ಕೊಡಲು ನನಗೆ ಧೈರ್ಯ ಬರುವುದಿಲ್ಲ.