ಮಿತ್ರ ಸೇನೆಯ ಗುಂಡಿಗೆ ನಮ್ಮವರು ಬಲಿಯಾದರೆ ಯಾರನ್ನು ಕೇಳಬೇಕು?

ಜಂಟಿ ಸಮರಾಭ್ಯಾಸಕ್ಕೆ ಹೊರಟಿರುವ ಅಣ್ಣನನ್ನು ನೆನೆದು ಕೇಳಿದ್ದೀರಿ: ಮಿತ್ರ ದೇಶದವರ ತಪ್ಪಿನಿಂದ ನಮ್ಮವರ ಪ್ರಾಣ ಹೋದರೆ, ಅವರ ಸೈನಿಕನಿಗೆ ಶಿಕ್ಷೆ ಕೊಡಿಸಬೇಕೋ, ಪರಿಹಾರ ಪಡೆದು ಸುಮ್ಮನಾಗಬೇಕೋ ಎಂದು. ನಾನು ಹೊಸನಗರದ ಕಡೆಯವನು. ಫಿರಂಗಿ ದಳದಲ್ಲಿ ಹದಿನೇಳು ವರ್ಷ ಕಳೆದು ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ನೀವು ಹೇಳುವ ಆ ತಪ್ಪು ಮಾಡಿದ ಸೈನಿಕ ಒಂದು ಕಾಲಕ್ಕೆ ನಾನೇ ಆಗಿದ್ದೆ. ಸತ್ತವನು ಬೇರೆ ದೇಶದವನಲ್ಲ, ಬೇರೆ ರೆಜಿಮೆಂಟಿನವನು, ಅಷ್ಟೇ ವ್ಯತ್ಯಾಸ.

ವೀಕ್ಷಣಾ ಠಾಣೆಯಲ್ಲಿ ಕುಳಿತು, ನಕ್ಷೆಯಿಂದ ಗುರಿಯ ಅಂಕಿಗಳನ್ನು ತೆಗೆದು, ವೈರ್‌ಲೆಸ್‌ನಲ್ಲಿ ಫಿರಂಗಿಗಳ ಕಡೆಗೆ ಹೇಳುವುದು ನನ್ನ ಕೆಲಸವಾಗಿತ್ತು. ಆ ದಿನ ಬೆಳಗಿನಿಂದ ಜಿನುಗು ಮಳೆ. ಮಲೆನಾಡಿನವನಿಗೆ ಅದು ಮಳೆಯೇ ಅಲ್ಲ; ಆದರೆ ನಕ್ಷೆಯ ಮೇಲಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ಸಿಲ್ ಹಿಡಿಯದಿರಲು ಅಷ್ಟು ಸಾಕಾಗಿತ್ತು. ಹಾಗಾಗಿ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಒಟ್ಟು ಆರು ಅಂಕಿಗಳಲ್ಲಿ ಮೊದಲ ಮೂರು ಪೂರ್ವಕ್ಕೆ ಎಷ್ಟು ದೂರ, ಉಳಿದ ಮೂರು ಉತ್ತರಕ್ಕೆ ಎಷ್ಟು ದೂರ ಎಂದು ತಿಳಿಸುತ್ತವೆ. ಅವುಗಳ ಕೊನೆಯ ಅಂಕಿ ಒಂದು ಹೆಚ್ಚಾದರೆ ನೆಲದ ಮೇಲೆ 100 ಮೀಟರ್ ಸರಿದಂತೆ. ನಕ್ಷೆಯಲ್ಲಿದ್ದದ್ದು 256, ನಾನು ಬರೆದದ್ದು 265. ಅಂದರೆ 900 ಮೀಟರ್ ವ್ಯತ್ಯಾಸ.

ಅಂಕಿ ಅದಲುಬದಲಾಗುವುದು ಯಾರ ಕೈಯಲ್ಲಾದರೂ ಆಗುವಂಥದ್ದು, ಅದನ್ನು ಹಿಡಿಯುವುದಕ್ಕೆಂದೇ ಒಂದು ಪದ್ಧತಿಯಿದೆ. ಕೇಳಿಸಿಕೊಂಡವನು ಅಂಕಿಗಳನ್ನು ತಿರುಗಿ ಓದಬೇಕು, ಹೇಳಿದವನು ತಾಳೆ ನೋಡಬೇಕು. ಆ ಕಡೆಯವನು ‘ಟೂ ಸಿಕ್ಸ್ ಫೈವ್’ ಎಂದು ಸ್ಪಷ್ಟವಾಗಿಯೇ ತಿರುಗಿ ಓದಿದ. ನಾನು ಚೀಟಿ ನೋಡಿ ಸರಿ ಎಂದೆ. ನಕ್ಷೆ ನನ್ನ ಮೊಣಕಾಲಿನ ಮೇಲೆಯೇ ಇತ್ತು. ಹನಿ ಬೀಳದಿರಲೆಂದು ಅದರ ಮೇಲೆ ನನ್ನ ಟೋಪಿ ಮುಚ್ಚಿದ್ದೆ. ಟೋಪಿ ಎತ್ತಿದ್ದರೆ ಸಾಕಿತ್ತು. ತಪ್ಪು ಚೀಟಿಯನ್ನು ಅದೇ ತಪ್ಪು ಚೀಟಿಯೊಂದಿಗೆ ತಾಳೆ ನೋಡಿದರೆ ಅದು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಇಷ್ಟನ್ನು ನಾನು ಸಾವಿರ ಸಲ ಯೋಚಿಸಿದ್ದೇನೆ, ಆದ್ದರಿಂದ ವಿವರ ಹೆಚ್ಚಾಗಿದ್ದರೆ ಕ್ಷಮಿಸಿ.

ಗುಂಡು ಬಿದ್ದಲ್ಲಿ ಪಕ್ಕದ ರೆಜಿಮೆಂಟಿನ ಒಂದು ತುಕಡಿ ವಿಶ್ರಾಂತಿಗೆ ನಿಂತಿತ್ತು. ಅವರು ಅಲ್ಲಿಗೆ ಬಂದದ್ದು ನಮ್ಮ ಯಾವ ನಕ್ಷೆಯಲ್ಲಿಯೂ ಗುರುತಾಗಿರಲಿಲ್ಲ. ಗಢ್ವಾಲದ ಒಬ್ಬ ಹುಡುಗ ತೀರಿಕೊಂಡ.

ವಿಚಾರಣೆ ನಡೆಯಿತು. ಸೇನಾ ನಿಯಮಾವಳಿಯ 180ನೇ ನಿಯಮದಂತೆ, ಯಾರ ಹೆಸರಿಗೆ ಧಕ್ಕೆ ಬರಬಹುದೋ ಅವನು ಉದ್ದಕ್ಕೂ ಹಾಜರಿದ್ದು ಸಾಕ್ಷಿಗಳನ್ನು ಪ್ರಶ್ನಿಸಬಹುದು. ನಾನು ಹಾಜರಿದ್ದೆ, ಯಾರನ್ನೂ ಏನನ್ನೂ ಕೇಳಲಿಲ್ಲ. ಟೋಪಿಯ ವಿಷಯವನ್ನು ನಾನಾಗಿಯೇ ಹೇಳಿದೆ, ಹೇಳಿದ ಕೂಡಲೇ ಕೋಣೆಯಲ್ಲಿದ್ದವರಿಗೆಲ್ಲ ನಿರಾಳವಾದದ್ದು ಕಾಣಿಸಿತು. ತುಕಡಿ ಸರಿದ ಸುದ್ದಿ ನಮಗೇಕೆ ತಲುಪಲಿಲ್ಲ ಎಂಬ ಪ್ರಶ್ನೆ ಅಲ್ಲಿಗೇ ನಿಂತುಹೋಯಿತು. ನನಗೆ ತೀವ್ರ ಛೀಮಾರಿಯಾಯಿತು, ಬಡ್ತಿ ತಪ್ಪಿತು, ಕಡತ ಮುಚ್ಚಿತು.

ಆದ್ದರಿಂದ ಶಿಕ್ಷೆಯೋ ಪರಿಹಾರವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಹಂದಿಗೆಂದು ಹೊಡೆದ ಈಡು ಜೊತೆಗಾರನಿಗೆ ಬಿದ್ದಾಗಲೂ ಕೋವಿ ಹಿಡಿದವನನ್ನು ಠಾಣೆಗೆ ಒಯ್ದರೆ ಊರಿಗೆ ಸಮಾಧಾನ. ಅವನನ್ನು ಆ ಬಿಲ್ಲಿಗೆ, ಅಂದರೆ ಬೇಟೆಗೆ ಕಾದು ಕೂರುವ ಜಾಗಕ್ಕೆ, ಕೂರಿಸಿದವರು ಯಾರು, ಇನ್ನೊಬ್ಬನನ್ನು ಎದುರಿನ ಪೊದೆಗಾಡಿಗೆ ಇಳಿಸಿದವರು ಯಾರು ಎಂದು ಕೇಳುವವರಿಲ್ಲ.

ದೇಶಗಳ ನಡುವೆಯೂ ಇದೇ ನಡೆಯುತ್ತದೆ. 2002ರ ಏಪ್ರಿಲ್‌ನಲ್ಲಿ ಕಂದಹಾರದ ಬಳಿ ರಾತ್ರಿ ಅಭ್ಯಾಸದಲ್ಲಿದ್ದ ಕೆನಡಾ ಸೈನಿಕರ ಮೇಲೆ ಅಮೆರಿಕದ ಎಫ್-16 ವಿಮಾನವೊಂದು ಬಾಂಬ್ ಹಾಕಿ ನಾಲ್ವರನ್ನು ಕೊಂದಿತು, ಎಂಟು ಜನ ಗಾಯಗೊಂಡರು. ಕೆಳಗೆ ಅಭ್ಯಾಸ ನಡೆಯುತ್ತಿದೆ ಎಂದು ತಮಗೆ ಯಾರೂ ಹೇಳಿರಲಿಲ್ಲ ಎಂಬುದು ಪೈಲಟ್‌ಗಳ ವಾದವಾಗಿತ್ತು. ಗುಂಡು ಹಾರಿಸಬೇಡಿ ಎಂಬ ಸೂಚನೆ ಅವರಿಗೆ ಬಂದಿತ್ತು ಎಂಬುದೂ ನಿಜ. ಮೊದಲು ನರಹತ್ಯೆಯ ಆರೋಪ ಹೊರಿಸಿದರು, ಕೊನೆಗೆ 2004ರಲ್ಲಿ ಕರ್ತವ್ಯಲೋಪಕ್ಕಾಗಿ ಬಾಂಬ್ ಹಾಕಿದ ಪೈಲಟ್‌ಗೆ ಛೀಮಾರಿ ಮತ್ತು 5,672 ಡಾಲರ್ ದಂಡ ವಿಧಿಸಿದರು. ದಂಡ ಕಡಿಮೆಯಾಯಿತು ಎಂದು ಎಲ್ಲರೂ ಕೋಪಗೊಂಡರು. ಅವನನ್ನು ಹತ್ತು ವರ್ಷ ಜೈಲಿಗೆ ಹಾಕಿದ್ದರೂ, ಅಭ್ಯಾಸದ ಸುದ್ದಿ ಎಲ್ಲಿ ತಡೆದುಹೋಯಿತು ಎಂಬುದು ತಾನಾಗಿ ತಿಳಿಯುತ್ತಿರಲಿಲ್ಲ ಎಂಬುದು ನನ್ನ ಮಾತು.

ಕಾನೂನು ನಿಮ್ಮ ಪರವಾಗಿ ನಿಲ್ಲುತ್ತದೆ ಎಂದು ನಂಬಬೇಡಿ. ನ್ಯಾಟೊ ದೇಶಗಳ 1951ರ ಒಪ್ಪಂದದ ಪ್ರಕಾರ ಕರ್ತವ್ಯದಲ್ಲಿದ್ದಾಗ ನಡೆದ ಅಪರಾಧವನ್ನು ವಿಚಾರಿಸುವ ಮೊದಲ ಹಕ್ಕು ಸೈನಿಕನನ್ನು ಕಳುಹಿಸಿದ ದೇಶದ್ದು. ಕರ್ತವ್ಯದಲ್ಲಿ ಸತ್ತ ತನ್ನ ಸೈನಿಕನಿಗಾಗಿ ಒಂದು ಸರ್ಕಾರ ಇನ್ನೊಂದು ಸರ್ಕಾರದಿಂದ ಪರಿಹಾರ ಕೇಳುವಂತೆಯೂ ಇಲ್ಲ. ಆ ಒಪ್ಪಂದ ನಮ್ಮದಲ್ಲ, ಆದರೆ ಮಿತ್ರರು ಪರಸ್ಪರ ಯಾವ ರೀತಿ ಮಾತಾಡಿಕೊಂಡಿರುತ್ತಾರೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಕೇಳಬೇಕಾದದ್ದು ದಾಖಲೆಯನ್ನು. 2003ರಲ್ಲಿ ಇರಾಕಿನ ಬಸ್ರಾ ಬಳಿ ಅಮೆರಿಕದ ಎ-10 ವಿಮಾನಗಳು ಒಬ್ಬ ಬ್ರಿಟಿಷ್ ಸೈನಿಕನನ್ನು ಕೊಂದವು. ವಾಹನಗಳ ಮೇಲಿನ ಕಿತ್ತಳೆ ಬಣ್ಣದ ಗುರುತಿನ ಹಾಳೆಗಳನ್ನು ಪೈಲಟ್‌ಗಳು ರಾಕೆಟ್‌ಗಳೆಂದು ತಿಳಿದಿದ್ದರು. ಆ ವಿಮಾನದ ವಿಡಿಯೊವನ್ನು ವಿಚಾರಣೆಯಲ್ಲಿ ತೋರಿಸಲು ಅಮೆರಿಕ ಒಪ್ಪಿರಲಿಲ್ಲ. 2007ರಲ್ಲಿ ಒಂದು ಪತ್ರಿಕೆ ಅದನ್ನು ಬಯಲು ಮಾಡಿದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ನಡೆದ ಮರಣ ವಿಚಾರಣೆ ಅದನ್ನು ಕಾನೂನುಬಾಹಿರ ಹತ್ಯೆ ಎಂದು ತೀರ್ಮಾನಿಸಿತು. ಅಮೆರಿಕದ ಪೈಲಟ್‌ಗಳು ಅಲ್ಲಿಗೆ ಬರಲಿಲ್ಲ. ಆದರೂ ಸತ್ತವನ ಹೆಂಡತಿಗೆ ನಾಲ್ಕು ವರ್ಷಗಳ ನಂತರ, ಆ ಕೆಲವು ನಿಮಿಷಗಳಲ್ಲಿ ಯಾರು ಏನು ಮಾತಾಡಿದರು ಎಂಬುದು ತಿಳಿಯಿತು. ತಪ್ಪು ಮಾಡಿದ ದೇಶವೇ ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳುವುದು ನಾನು ಚೀಟಿಯೊಂದಿಗೆ ಚೀಟಿ ತಾಳೆ ನೋಡಿದಂತೆಯೇ. ಎರಡೂ ದೇಶದವರು ಒಂದೇ ಮೇಜಿನಲ್ಲಿ ಕುಳಿತು, ವೈರ್‌ಲೆಸ್ ದಾಖಲೆ ಮತ್ತು ನಕ್ಷೆಗಳನ್ನು ಕುಟುಂಬದವರ ಮುಂದಿಡಬೇಕು. ಪರಿಹಾರದ ಹಣ ಬಂದರೆ ತೆಗೆದುಕೊಳ್ಳಿ, ಅದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಮರುವರ್ಷ ಆ ಹುಡುಗನ ತಂದೆಯಿಂದ ನಮ್ಮ ಘಟಕಕ್ಕೆ ಹಿಂದಿಯಲ್ಲಿ ಬರೆದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ನನ್ನ ಶಿಕ್ಷೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಗುಂಡು ಬೀಳುವ ಜಾಗದಲ್ಲಿ ಮಗನನ್ನು ನಿಲ್ಲಿಸಿದವರು ಯಾರು ಎಂದಷ್ಟೇ ಕೇಳಿದ್ದರು. ವಿಚಾರಣೆ ಮುಗಿದಿದೆ, ಕ್ರಮ ಜರುಗಿಸಲಾಗಿದೆ ಎಂದು ಕಚೇರಿಯಿಂದ ಎರಡು ಸಾಲಿನ ಉತ್ತರ ಹೋಯಿತು.

ನಿಮ್ಮ ಅಣ್ಣ ಹೊರಡುವ ಮುನ್ನ ಹೇಳಿ: ತಮ್ಮ ತುಕಡಿ ಜಾಗ ಬದಲಿಸಿದರೆ ಆ ಸುದ್ದಿ ಮಿತ್ರ ಸೇನೆಯಲ್ಲಿ ಯಾರಿಗೆ, ಎಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಲಿ. ಅಂಕಿಗಳನ್ನು ತಿರುಗಿ ಓದಿದಾಗ ಮಳೆ ಬರುತ್ತಿದ್ದರೂ ನಕ್ಷೆ ತೆರೆದೇ ತಾಳೆ ನೋಡಲಿ.