ಹಳೇ ನಾಟಕ ಮಂದಿರಕ್ಕೆ ಟೈಲ್ಸ್ ಹಾಕಿಸೋಣವೇ?

ಪ್ರಶ್ನೆ: ನಮ್ಮೂರಲ್ಲಿ ಅಜ್ಜನ ಕಾಲದ ನಾಟಕ ಮಂದಿರವಿದೆ. ಗಾರೆ ಗೋಡೆ, ಮರದ ಬಾಲ್ಕನಿ, ಹಲಗೆಯ ರಂಗ. ದುರಸ್ತಿಗೆ ದುಡ್ಡು ಕೂಡಿದೆ. ಗೋಡೆಗೆ ಟೈಲ್ಸ್, ಮೇಲೆ ಪಿಒಪಿ ಸೀಲಿಂಗ್, ರಂಗಕ್ಕೆ ಗ್ರಾನೈಟ್ ಹಾಕಿಸೋಣ ಅಂತ ಕಮಿಟಿಯವರು ಹೇಳ್ತಾರೆ. ಸರಿ ಅಂತೀರಾ?
– ಓದುಗರು, ಧಾರವಾಡ ಜಿಲ್ಲೆ

ಉತ್ತರ: ದಯವಿಟ್ಟು ಸ್ವಲ್ಪ ತಡೀರಿ. ಒಂದು ಕೆಲಸ ಮಾಡಿ. ಮೈಕ್ ಇಲ್ಲದೆ ಒಬ್ಬರನ್ನು ರಂಗದ ಮೇಲೆ ನಿಲ್ಲಿಸಿ ನಾಲ್ಕು ಮಾತು ಆಡಿಸಿ, ನೀವು ಬಾಲ್ಕನಿಯ ಕೊನೇ ಸಾಲಲ್ಲಿ ಕೂತು ಕೇಳಿ. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿದರೆ ಆ ಮರ, ಆ ಗಾರೆ, ಆ ಎತ್ತರ ಎಲ್ಲ ಸೇರಿ ದುಡಿಯುತ್ತಿವೆ ಅಂತ ಅರ್ಥ. ನುಣ್ಣನೆ ಟೈಲ್ಸ್ ಹಾಕಿದರೆ ದನಿ ಗೋಡೆಯಿಂದ ಗೋಡೆಗೆ ಬಡಿದು ಒಂದು ಮಾತು ಇನ್ನೊಂದರ ಮೇಲೆ ಬೀಳುತ್ತದೆ. ಪಿಒಪಿ ಎತ್ತರವನ್ನು ತಿನ್ನುತ್ತದೆ, ಜೊತೆಗೆ ಸೋರುವ ಮಾಡನ್ನೂ ಗೆದ್ದಲನ್ನೂ ಮುಚ್ಚಿಡುತ್ತದೆ. ಗ್ರಾನೈಟ್ ಅಂತೂ ಬೇಡವೇ ಬೇಡ. ಹಲಗೆಯ ಕೆಳಗೆ ಟೊಳ್ಳು ಇರುವುದರಿಂದಲೇ ಗೆಜ್ಜೆಕಾಲಿನ ಪೆಟ್ಟು ಅಷ್ಟು ತುಂಬಿ ಕೇಳಿಸೋದು, ಕಲ್ಲಿನ ಮೇಲೆ ಕುಣಿದವರ ಮೊಣಕಾಲು ಏನಾಗಬೇಕು ಹೇಳಿ?

ಮುಂಬೈಯ ರಾಯಲ್ ಒಪೆರಾ ಹೌಸ್ ಕಥೆ ಕಮಿಟಿಯವರಿಗೆ ಹೇಳಿ. ಕಟ್ಟಡ ಇನ್ನೂ ಮುಗಿಯದಿದ್ದಾಗಲೇ, 1911ರಲ್ಲಿ, ಐದನೇ ಜಾರ್ಜ್ ಅದನ್ನು ಉದ್ಘಾಟಿಸಿದ್ದ. ಬಾಲಗಂಧರ್ವರು, ಪೃಥ್ವಿರಾಜ್ ಕಪೂರ್ ಅಭಿನಯಿಸಿದ ರಂಗ ಅದು. ಸಿನಿಮಾ ಬಂದ ಮೇಲೆ ರಂಗದ ಅಕ್ಕಪಕ್ಕದ ಬಾಕ್ಸ್‌ಗಳನ್ನು, ಅಂದರೆ ಕೆಲವೇ ಜನ ಕೂತು ನೋಡುವ ಪುಟ್ಟ ಗೂಡುಗಳನ್ನು, ಒಡೆದರು, 1993ರಲ್ಲಿ ಬಾಗಿಲೇ ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅದನ್ನು ಸರಿಪಡಿಸುವಾಗ ಹಳೇ ಬಣ್ಣದ ಪದರಗಳನ್ನು ಕೆರೆಸಿ ಮೂಲ ಬಣ್ಣ ಯಾವುದಿತ್ತು ಅಂತ ಹುಡುಕಿದರು, ಹಳೇ ಫೋಟೋ ನೋಡಿ ಆ ಬಾಕ್ಸ್‌ಗಳನ್ನು ಮತ್ತೆ ಕಟ್ಟಿಸಿದರು. 2016ರಲ್ಲಿ ಮತ್ತೆ ಬಾಗಿಲು ತೆರೆಯಿತು, ಮರುವರ್ಷ ಯುನೆಸ್ಕೋ ಪ್ರಶಸ್ತಿಯೂ ಬಂತು.

ನೀವೂ ಕಂಬದ ಮೇಲೆ, ಬಾಗಿಲ ಮೇಲೆ ಅಂಗೈಯಗಲ ಜಾಗವನ್ನು ಸಣ್ಣ ಚಾಕುವಿನಲ್ಲಿ ಮೆತ್ತಗೆ ಕೆರೆದು ನೋಡಿ. ಆಯಿಲ್ ಪೇಂಟ್ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಯಾವುದೋ ನೀಲಿ, ಅದರ ಕೆಳಗೆ ಒಂದು ಬಳ್ಳಿಯ ಅಂಚು ಸಿಕ್ಕರೂ ಸಿಗಬಹುದು.

ಕೆಲಸ ಶುರು ಮಾಡುವ ಮೊದಲು ಮೂಲೆಮೂಲೆಯ ಫೋಟೋ ತೆಗೆದಿಡಿ, ಇದನ್ನು ಮಾತ್ರ ಮರೀಬೇಡಿ. ಇಟಲಿಯ ಕಾಲುವೆಗಳ ಊರು ವೆನಿಸ್‌ನ ಲಾ ಫೆನಿಚೆ ಥಿಯೇಟರ್ 1996ರಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಸುಟ್ಟುಹೋಯಿತು. ಪಕ್ಕದ ಕಾಲುವೆಯ ನೀರನ್ನು ಬತ್ತಿಸಿದ್ದರಿಂದ ಬೆಂಕಿ ಆರಿಸುವ ದೋಣಿಗಳು ಹತ್ತಿರ ಬರಲಾಗಲಿಲ್ಲ. ಮತ್ತೆ ಮೊದಲಿದ್ದ ಹಾಗೇ ಕಟ್ಟಲು ಅಲ್ಲಿ ತೆಗೆದ, 1954ರಲ್ಲಿ ತೆರೆಕಂಡ ಒಂದು ಸಿನಿಮಾದ ದೃಶ್ಯಗಳೂ ನೆರವಾದವು. 2003ರಲ್ಲಿ ಅದು ಮತ್ತೆ ತೆರೆಯಿತು.

ಹಾಗಾಗಿ ದುಡ್ಡನ್ನು ಮೊದಲು ಮಾಡಿಗೆ, ಆಮೇಲೆ ವೈರಿಂಗ್‌ಗೆ ಹಾಕಿ. ವೈರಿಂಗ್ ಪೂರ್ತಿ ಹೊಸದೇ ಆಗಲಿ. ಬಾಗಿಲುಗಳು ಹೊರಗಡೆಗೆ ತೆರೆಯುವಂತಿರಲಿ. ಮೆತ್ತನೆ ಕುರ್ಚಿ ಹಾಕಿಸಿದರೆ ಒಳ್ಳೇದೇ, ಜನ ಕಡಿಮೆ ಬಂದ ದಿನವೂ ಖಾಲಿ ಕುರ್ಚಿ ದನಿಯನ್ನು ಒಂದಿಷ್ಟು ಹೀರಿಕೊಂಡು ಹಾಲ್ ಗೊಳೋ ಅನ್ನದಂತೆ ನೋಡಿಕೊಳ್ಳುತ್ತದೆ. ಟೈಲ್ಸ್ ಆಗಲೇ ತಂದಿದ್ದರೆ ಶೌಚಾಲಯಕ್ಕೆ ಹಾಕಿಸಿ, ಅಲ್ಲಿ ನಿಜವಾಗಿಯೂ ಬೇಕು.